ಚಿತ್ರದಲ್ಲಿ ಬೆಳ್ಳಿ, ಮನೆಯಲ್ಲಿ ದೀಪ

ಗೋಡೆಯ ಕ್ಯಾಲೆಂಡರಿನಲ್ಲಿ ಜೂನ್ ತಿಂಗಳಿಗೆ ಒಂದು ವಿಚಿತ್ರ ಚಿತ್ರವಿತ್ತು. ನೀಲಿ ಆಕಾಶದಲ್ಲಿ ಸುಳಿಸುಳಿಯಾಗಿ ಹರಿಯುವ ಬೆಳಕು, ದೊಡ್ಡ ದೊಡ್ಡ ನಕ್ಷತ್ರಗಳು, ಹಳದಿ ಚಂದ್ರ, ಎಡಗಡೆ ಕಪ್ಪು ಜ್ವಾಲೆಯಂತೆ ಎದ್ದ ಮರ, ಕೆಳಗೆ ಸಣ್ಣದೊಂದು ಊರು. ಒಂಬತ್ತನೆಯ ತರಗತಿಯ ಹುಡುಗಿ ಅದನ್ನೇ ನೋಡುತ್ತ, ‘ಅಮ್ಮಾ, ಈ ಮನೆಗಳಲ್ಲಿ ಯಾರೋ ಇನ್ನೂ ಮಲಗಿಲ್ಲ. ಅಪ್ಪ ಸೆಕೆಂಡ್ ಶಿಫ್ಟ್ ಮುಗಿಸಿ ಬರುವ ತನಕ ನೀನು ದೀಪ ಹಾಕಿಕೊಂಡು ಕೂತಿರ್ತೀಯಲ್ಲ, ಹಾಗೆ’ ಎಂದಳು. ‘ಇದೆಲ್ಲ ಪರೀಕ್ಷೆಗೆ ಬರುತ್ತೇನೆ? ಹೋಗಿ ಲೆಕ್ಕ ಮಾಡು’ ಎಂದು ತಾಯಿ ಗದರಿದರು.

ಲೆಕ್ಕ ಆಗಬೇಕಾದದ್ದೇ. ಆದರೆ ಆ ಹುಡುಗಿ ಹೇಳಿದ ಮಾತು ಯಾವ ಗೈಡಿನಲ್ಲಿಯೂ ಸಿಗುವಂಥದ್ದಲ್ಲ. ಪದ್ಯದ ಭಾವಾರ್ಥವನ್ನು ಬಾಯಿಪಾಠ ಮಾಡಿ ಬರೆಯುವುದು ಅಭ್ಯಾಸವಾಗಿರುವ ಮಕ್ಕಳಿಗೆ ತಮ್ಮ ಕಣ್ಣಿಗೆ ಕಂಡದ್ದನ್ನು ಹೇಳಲು ಧೈರ್ಯವೇ ಬರುವುದಿಲ್ಲ. ‘ಸರಿಯಾದ ಉತ್ತರ ಯಾವುದು?’ ಎಂದೇ ಕೇಳುತ್ತಾರೆ.

ಕ್ಯಾಲೆಂಡರಿನಲ್ಲಿದ್ದುದು ಹಾಲೆಂಡಿನ ಕಲಾವಿದ ವಿನ್ಸೆಂಟ್ ವ್ಯಾನ್‌ಗೋನ ‘ಸ್ಟಾರಿ ನೈಟ್’, ಅಂದರೆ ತಾರೆಗಳ ರಾತ್ರಿ. 1889ರ ಮೇ ತಿಂಗಳಲ್ಲಿ ಆತ ತಾನಾಗಿಯೇ ಫ್ರಾನ್ಸಿನ ಸೇಂಟ್ ರೆಮಿ ಊರಿನ ಮಾನಸಿಕ ಆಸ್ಪತ್ರೆಗೆ ಸೇರಿದ. ಅವನ ಕೋಣೆಯ ಕಿಟಕಿ ಪೂರ್ವ ದಿಕ್ಕಿಗಿತ್ತು. ಅದಕ್ಕೆ ಕಬ್ಬಿಣದ ಸರಳುಗಳಿದ್ದವು. ಸೂರ್ಯೋದಯಕ್ಕೆ ಬಹಳ ಮುಂಚೆ ಆ ಕಿಟಕಿಯಿಂದ ದೊಡ್ಡದಾಗಿ ಹೊಳೆಯುವ ಬೆಳಗಿನ ನಕ್ಷತ್ರವನ್ನು ಕಂಡೆನೆಂದು ತಮ್ಮ ಥಿಯೋನಿಗೆ ಪತ್ರ ಬರೆದ. ನಮ್ಮ ಹಳ್ಳಿಗಳಲ್ಲಿ ‘ಬೆಳ್ಳಿ ಮೂಡಿತು’ ಎನ್ನುತ್ತಾರಲ್ಲ, ಅದೇ ಶುಕ್ರಗ್ರಹ. ಚಿತ್ರದಲ್ಲಿ ಕಪ್ಪು ಮರದ ಪಕ್ಕದಲ್ಲಿ ಬೆಳ್ಳಗೆ ಹೊಳೆಯುತ್ತಿರುವುದು ಅದೇ ಎನ್ನುತ್ತಾರೆ ಖಗೋಳ ವಿಜ್ಞಾನಿಗಳು.

ಹಾಗೆಂದು ಇದು ಆಕಾಶದ ಫೋಟೋ ಅಲ್ಲ. ಆ ಜೂನ್ ತಿಂಗಳ ನಡುವಿನಲ್ಲಿ ಚಂದ್ರ ಅರ್ಧಕ್ಕಿಂತ ಹೆಚ್ಚು ತುಂಬಿದ್ದ, ಚಿತ್ರದಲ್ಲಿರುವುದು ಕುಡಿಚಂದ್ರ. ಕಿಟಕಿಯಿಂದ ಗೋಧಿಹೊಲ, ಬೆಟ್ಟ ಕಾಣುತ್ತಿದ್ದವೇ ಹೊರತು ಊರು ಕಾಣುತ್ತಿರಲಿಲ್ಲ. ಅದನ್ನು ಆತ ತಾನೇ ಸೇರಿಸಿದ. ಮನೆಗಳ ಕಿಟಕಿಗಳಿಗೆ ಹಳದಿ ಬೆಳಕನ್ನೂ ಕೊಟ್ಟ. ಆಸ್ಪತ್ರೆಯ ಸರಳುಗಳ ಹಿಂದೆ ಒಂಟಿಯಾಗಿದ್ದವನು, ಇಲ್ಲದ ಊರನ್ನು ತಂದು ಅಲ್ಲಿ ದೀಪ ಹಚ್ಚಿದ. ಇದನ್ನು ತಿಳಿದ ಮೇಲೆ ಆ ಹುಡುಗಿಯ ಮಾತು ಹುಡುಗಾಟವೆಂದು ತಳ್ಳಿಹಾಕಲು ಬರುತ್ತದೆಯೆ?

ಒಂದೇ ಚಿತ್ರ ಒಬ್ಬೊಬ್ಬರಿಗೆ ಒಂದೊಂದು ಬಗೆ. ಭೌತವಿಜ್ಞಾನಿಗಳಿಗೆ ಆ ಸುಳಿಗಳಲ್ಲಿ ಹರಿಯುವ ನೀರು, ಗಾಳಿಗಳ ಪ್ರಕ್ಷುಬ್ಧತೆ ಕಂಡಿತು. ಚೀನಾ ಮತ್ತು ಫ್ರಾನ್ಸಿನ ಸಂಶೋಧಕರು 14 ಸುಳಿಗಳನ್ನು ಅಳೆದು 2024ರಲ್ಲಿ ಪ್ರಬಂಧವನ್ನೇ ಪ್ರಕಟಿಸಿದರು. ಅದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಇನ್ನು ಬರೆದವನ ಅಭಿಪ್ರಾಯವೇನು? ವ್ಯಾನ್‌ಗೋ ತನ್ನ ಗೆಳೆಯನಿಗೆ ಬರೆದ ಪತ್ರದಲ್ಲಿ ಇದನ್ನು ಸೋಲೆಂದೇ ಎಣಿಸಿದ್ದ. 1890ರ ಜುಲೈನಲ್ಲಿ, 37ನೆಯ ವಯಸ್ಸಿನಲ್ಲಿ ತೀರಿಕೊಂಡ. ಕಲಾವಿದ ಹೇಳಿದ್ದೇ ಕೊನೆಯ ಮಾತಾಗಿದ್ದರೆ ಆ ಚಿತ್ರಕ್ಕೆ ‘ನಪಾಸು’ ಎಂದು ಬರೆದು ಮೂಲೆಗಿಡಬೇಕಾಗಿತ್ತು. ಆದರೆ 1941ರಿಂದ ಅದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ಲಕ್ಷಾಂತರ ಜನ ಅದರ ಮುಂದೆ ನಿಂತು ಹೋಗುತ್ತಾರೆ.

ಹಾಗಾದರೆ ಯಾರು ಏನು ಹೇಳಿದರೂ ಸರಿಯೆ? ಅಲ್ಲ. ಪ್ರಯೋಗಶಾಲೆಯಲ್ಲಿ ಮೊದಲು ವೀಕ್ಷಣೆ, ಆಮೇಲೆ ತೀರ್ಮಾನ. ಇಲ್ಲಿಯೂ ಹಾಗೆಯೇ. ಬೆಳ್ಳಗೆ ಹೊಳೆಯುವುದನ್ನು ಯಾರಾದರೂ ವಿಮಾನವೆಂದರೆ ಅದು ತಪ್ಪು. 1889ರಲ್ಲಿ ಇಂದಿನಂಥ ವಿಮಾನ ಹಾರುತ್ತಿರಲಿಲ್ಲ. ‘ಈ ಆಕಾಶ ನೋಡಿದರೆ ನನಗೆ ಭಯವಾಗುತ್ತದೆ’ ಎಂದರೆ ಅದು ತಪ್ಪಲ್ಲ. ಆದರೆ ಯಾವ ಗೆರೆ, ಯಾವ ಬಣ್ಣ ಆ ಭಯ ಹುಟ್ಟಿಸಿತೆಂದು ಬೆರಳಿಟ್ಟು ತೋರಿಸುವಂತಿರಬೇಕು. ಸಂಗತಿ ಎಲ್ಲರಿಗೂ ಒಂದೇ. ಅರ್ಥ ಮಾತ್ರ ಅವರವರ ಬದುಕಿನಿಂದ ಬರುವಂಥದ್ದು.

ಮಕ್ಕಳು ಒಂದು ಚಿತ್ರದ ಮುಂದೆ ನಿಂತಾಗ ಪಾಲಕರು ‘ಇದರ ಅರ್ಥವೇನು?’ ಎಂದು ಕೇಳುವ ಬದಲು ‘ಏನು ಕಾಣಿಸುತ್ತೆ? ಎಲ್ಲಿ ಕಾಣಿಸುತ್ತೆ?’ ಎಂದು ಕೇಳಲಿ. ಉತ್ತರ ಬರುವ ತನಕ ಕಾಯಲಿ. ಇದಕ್ಕೆ ಖರ್ಚಿಲ್ಲ, ಟ್ಯೂಷನ್ ಬೇಕಿಲ್ಲ. ತನ್ನ ಮನಸ್ಸಿನಲ್ಲಿರುವುದನ್ನು ಹೇಳಲು ಒಂದು ಚಿತ್ರದ ಆಸರೆ ಸಿಕ್ಕಿದ ಮಗು, ನಾಳೆ ಕಷ್ಟ ಬಂದಾಗಲೂ ಮನೆಯವರ ಹತ್ತಿರ ಬಾಯಿ ಬಿಡುತ್ತದೆ.

ಅಂದು ರಾತ್ರಿ ಹುಡುಗಿ ಲೆಕ್ಕ ಮುಗಿಸಿ ಪುಸ್ತಕ ಮುಚ್ಚುವಾಗ ತಾಯಿ ಕ್ಯಾಲೆಂಡರಿನ ಎದುರು ನಿಂತಿದ್ದರು. ಅಪ್ಪ ಇನ್ನೂ ಬಂದಿರಲಿಲ್ಲ.

‘ಅಲ್ಲ ಕಣೇ, ಮನೆಗಳಲ್ಲೆಲ್ಲ ದೀಪ ಇದೆ. ಈ ಚರ್ಚಿನಲ್ಲಿ ಮಾತ್ರ ಯಾಕೆ ಕತ್ತಲೆ?’ ಎಂದರು.

ಹುಡುಗಿ ಎದ್ದು ಬಂದಳು. ಅದನ್ನು ಅವಳು ಅಲ್ಲಿಯವರೆಗೆ ಗಮನಿಸಿರಲಿಲ್ಲ.