ಸರದಿ ಕಾಯುವ ಗೂಢಚಾರ
ಕಾವಲುಗಾರ ಬೆನ್ನು ತಿರುಗಿಸಿದ ಕ್ಷಣಕ್ಕೆ ಸರಕ್ಕನೆ ನುಸುಳುವುದೇ ‘ಮೆಟಲ್ ಗೇರ್’ ವಿಡಿಯೊ ಗೇಮ್ ಸರಣಿಯ ಜೀವಾಳ. ಅಂಥ ಆಟದಿಂದ ಬೆರಳಿನ ಚುರುಕನ್ನೇ ಕಿತ್ತುಹಾಕಿ ಕೈಗೆ ಕಾರ್ಡು ಕೊಟ್ಟರೆ? 2004ರ ಡಿಸೆಂಬರಿನಲ್ಲಿ, ಸೋನಿಯ ಅಂಗೈಯಗಲದ ಆಟದ ಯಂತ್ರ ಪಿಎಸ್‌ಪಿ ಜಪಾನಿನ ಅಂಗಡಿಗಳಿಗೆ ಬಂದ ತಿಂಗಳಲ್ಲೇ, ಕೊನಾಮಿ ಕಂಪನಿ ‘ಮೆಟಲ್ ಗೇರ್ ಆಸಿಡ್’ ಹೆಸರಿನಲ್ಲಿ ಈ ಹುಚ್ಚುಸಾಹಸ ಮಾಡಿತು. ನಾಯಕ ಸ್ನೇಕ್ ನಡೆಯುವುದಕ್ಕೂ ಕಾರ್ಡು, ಗುಂಡು ಹಾರಿಸುವುದಕ್ಕೂ ಕಾರ್ಡು. ಪ್ರತಿ ಕಾರ್ಡಿಗೂ ಒಂದು ಬೆಲೆಯಿದೆ; ಅದನ್ನು ತೆರಬೇಕಾದದ್ದು ಕಾಲದಲ್ಲಿ. ಭಾರೀ ಆಯುಧದ ಕಾರ್ಡು ಇಳಿಸಿದಿರೋ, ನಿಮ್ಮ ಮುಂದಿನ ಸರದಿ ಅಷ್ಟು ಹಿಂದಕ್ಕೆ ಹೋಯಿತೆಂದೇ ಲೆಕ್ಕ. ಆ ಬಿಡುವಿನಲ್ಲಿ ಶತ್ರು ಸುತ್ತಿ ಬಂದು ಎದುರಿಗೇ ನಿಂತಿರುತ್ತಾನೆ. ಇಸ್ಪೀಟಿನಲ್ಲಿ ತುರುಫು ಕೈಲಿದ್ದರೆ ಮೀಸೆ ತಿರುವಬಹುದು, ಇಲ್ಲಿ ತುರುಫೇ ಕುತ್ತಿಗೆಗೆ ಬರುತ್ತದೆ. ಒಳ್ಳೆಯ ಬಂದೂಕಿನ ಕಾರ್ಡನ್ನು ಬರೀ ಎರಡು ಚೌಕ ಸರಿಯಲು ಸುರಿಯಬೇಕಾದಾಗ ಆಗುವ ಸಂಕಟವಿದೆಯಲ್ಲ, ಆಟದ ನಿಜವಾದ ರುಚಿ ಅದೇ. ಕಥೆ ವಿಪರೀತ ವಾಚಾಳಿ, ಆ ಮಾತು ಬೇರೆ. 2005ರಲ್ಲಿ ಬಂದ ಎರಡನೇ ಭಾಗದ ಜೊತೆಗೆ ‘ಸಾಲಿಡ್ ಐ’ ಎಂಬ ರಟ್ಟಿನ ಪೆಟ್ಟಿಗೆಯನ್ನೂ ಕೊಟ್ಟು, ಅದರೊಳಗೆ ಕಣ್ಣಿಟ್ಟರೆ ಮೂರು ಆಯಾಮ ಕಾಣುವಂತೆ ಮಾಡಿದರು. ಚಮತ್ಕಾರವೇನೋ ಸರಿ, ಕಾರ್ಡು ಹಿಡಿದು ತಲೆ ಕೆಡಿಸಿಕೊಳ್ಳುವವನಿಗೆ ಅದರ ಅಗತ್ಯವೇನೂ ಇರಲಿಲ್ಲ.