ಅಂತರ್ಜಾಲದಲ್ಲೊಂದು ಕಾರಹುಣ್ಣಿವೆಯ ಅಂಗಡಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಕಲಿತ ತರುಣರಲ್ಲಿ ಕೆಲವರ ತಲೆಯಲ್ಲಿ ಈಚೆಗೆ ಒಂದು ಹೊಸ ವಿಚಾರವು ಸುಳಿಯುತ್ತಲಿದೆ. ನೌಕರಿಯನ್ನು ಹುಡುಕಿಕೊಂಡು ಪುಣೆಗೋ ಬೆಂಗಳೂರಿಗೋ ಹೋಗುವದನ್ನು ಬಿಟ್ಟು, ಊರಲ್ಲಿಯೇ ಕುಳಿತು ಅಂತರ್ಜಾಲದ ಮೂಲಕ ಅಂಗಡಿಯನ್ನು ಹೂಡಬೇಕು, ಅದರಲ್ಲಿಯೂ ನಾಯಿ ಬೆಕ್ಕು ಮೊದಲಾದ ಸಾಕುಪ್ರಾಣಿಗಳಿಗೆ ಬೇಕಾದ ಸಾಮಾನುಗಳನ್ನು ಮಾರಬೇಕು ಎಂಬದೇ ಆ ವಿಚಾರವು. ಹಿರಿಯರು ಇದನ್ನು ಕೇಳಿ ನಗುತ್ತಾರೆ. ‘ಮನುಷ್ಯರ ಹೊಟ್ಟೆಗೇ ಸಾಲದಿರುವಾಗ ನಾಯಿಗೊಂದು ಅಂಗಡಿಯೆ?’ ಎಂದು ಕೇಳುತ್ತಾರೆ. ತರುಣರಾದರೋ ಮೊಬೈಲಿನಲ್ಲಿ ಕಂಡ ದೊಡ್ಡ ಕಂಪನಿಗಳ ವೈಭವಕ್ಕೆ ಮರುಳಾಗಿ, ಅಂಗಡಿಯ ಬಾಗಿಲು ತೆರೆದರೆ ಸಾಕು, ದುಡ್ಡು ತಾನಾಗಿಯೇ ಬರುವದೆಂದು ತಿಳಿದಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಆ ನಗೆಯೂ ಸರಿಯಲ್ಲ, ಈ ಆತುರವೂ ಸರಿಯಲ್ಲ.

ಮೊದಲು ನಗುವವರ ಮಾತನ್ನು ನೋಡೋಣ. ಮೂಕಪ್ರಾಣಿಗಳ ಸಾಮಾನಿನ ಅಂಗಡಿಯು ನಮ್ಮ ನಾಡಿಗೆ ಹೊಸದೆಂದು ಹೇಳಿದವರಾರು? ಕಾರಹುಣ್ಣಿವೆಯ ಮುಂಚಿನ ಸಂತೆಗೆ ಹೋಗಿ ನೋಡಿದರೆ ಹಗ್ಗ, ಮೂಗುದಾರ, ಗೊಂಡೆ, ಗೆಜ್ಜೆಸರ, ಕೊರಳಗಂಟೆ, ಜೂಲು, ಕೋಡಿಗೆ ಹಚ್ಚುವ ಬಣ್ಣ, ಹೀಗೆ ಸಾಲುಸಾಲಾಗಿ ಹರವಿರುತ್ತದೆ. ತನ್ನ ಅಂಗಿ ಹರಿದಿದ್ದರೂ ಎತ್ತಿನ ಕೊರಳಿಗೆ ಹೊಸ ಗೆಜ್ಜೆಸರವನ್ನು ಕೊಳ್ಳುವ ಒಕ್ಕಲಿಗನು ನಮ್ಮವನೇ. ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವವನು ಎತ್ತನ್ನು ಶೃಂಗರಿಸದೆ ಹೊರಡುವದಿಲ್ಲ. ಪ್ರಾಣಿಯನ್ನು ಮನೆಯವರಲ್ಲಿ ಒಬ್ಬರೆಂದು ಎಣಿಸುವದನ್ನು ನಾವು ಪರದೇಶದಿಂದ ಕಲಿಯಬೇಕಾಗಿಲ್ಲ. ಪಟ್ಟಣಗಳಲ್ಲಿ ಎತ್ತಿನ ಸ್ಥಳಕ್ಕೆ ನಾಯಿಯೂ ಬೆಕ್ಕೂ ಬಂದಿವೆ, ಇಷ್ಟೇ ಭೇದವು.

ಈ ವ್ಯಾಪಾರವು ಎಷ್ಟು ಬೆಳೆದಿದೆಯೆಂಬದನ್ನೂ ಮರೆಯಲಾಗದು. ದಿಲ್ಲಿಯಲ್ಲಿ 2008ರಲ್ಲಿ ಹುಟ್ಟಿದ ‘ಹೆಡ್ಸ್ ಅಪ್ ಫಾರ್ ಟೇಲ್ಸ್’, ನಮ್ಮ ಬೆಂಗಳೂರಿನಲ್ಲಿಯೇ 2021ರಲ್ಲಿ ಹುಟ್ಟಿದ ‘ಸೂಪರ್‌ಟೇಲ್ಸ್’ ಇವು ಪ್ರಾಣಿಗಳ ಆಹಾರ, ಔಷಧ, ಹಾಸಿಗೆ, ಆಟಿಕೆಗಳನ್ನು ಮನೆಬಾಗಿಲಿಗೆ ತಲುಪಿಸುತ್ತಿವೆ. ಅಮೇರಿಕೆಯ ಮಾರ್ಸ್, ಸ್ವಿಟ್ಜರ್ಲಂಡದ ನೆಸ್ಲೆ ಮೊದಲಾದ ಜಗತ್ತಿನ ದೊಡ್ಡ ಕಂಪನಿಗಳು ನಮ್ಮ ನಾಯಿಗಳ ಊಟದ ಮೇಲೆ ಕಣ್ಣಿಟ್ಟಿವೆ. ಹೀಗಿರುವಾಗ ಬೈಲಹೊಂಗಲದ ತರುಣನು ಇದರಲ್ಲಿ ತನ್ನ ಪಾಲನ್ನು ಕೇಳಿದರೆ ನಗುವದಕ್ಕೇನು ಕಾರಣವು?

ಆದರೆ ಆತುರಗಾರರು ಇಪ್ಪತ್ತೈದು ವರ್ಷಗಳ ಹಿಂದಿನ ಒಂದು ಕಥೆಯನ್ನು ಕೇಳಿಕೊಳ್ಳಬೇಕು. ಅಮೇರಿಕೆಯಲ್ಲಿ ‘ಪೆಟ್ಸ್ ಡಾಟ್ ಕಾಮ್’ ಎಂಬ ಕಂಪನಿಯು ಇದೇ ವ್ಯಾಪಾರವನ್ನು ಭಾರೀ ಆಡಂಬರದಿಂದ ಆರಂಭಿಸಿತು. 2000ದ ಜನವರಿಯಲ್ಲಿ ಆ ದೇಶದ ಅತಿ ದೊಡ್ಡ ಕ್ರೀಡಾಪಂದ್ಯದ ಹೊತ್ತಿಗೆ ದೂರದರ್ಶನದಲ್ಲಿ ಜಾಹೀರಾತು ಕೊಟ್ಟಿತು. ಫೆಬ್ರುವರಿಯಲ್ಲಿ ಶೇರು ಮಾರಿ ಸುಮಾರು 8 ಕೋಟಿ 25 ಲಕ್ಷ ಡಾಲರುಗಳನ್ನು ಕೂಡಿಸಿತು. ಅದೇ ವರ್ಷದ ನವ್ಹೆಂಬರದಲ್ಲಿ ಬಾಗಿಲು ಹಾಕಿತು. ಗಿರಾಕಿಗಳಿಗೇನೂ ಕೊರತೆಯಿರಲಿಲ್ಲ. ಭಾರವಾದ ಆಹಾರದ ಚೀಲಗಳನ್ನು ಕೊಂಡ ಬೆಲೆಗಿಂತಲೂ ಕಡಿಮೆಗೆ ಮಾರಿ, ಮೇಲೆ ಸಾಗಣೆಯ ವೆಚ್ಚವನ್ನೂ ಹೊತ್ತುದರಿಂದ, ಹೆಚ್ಚು ಮಾರಿದಷ್ಟೂ ಹೆಚ್ಚು ನಷ್ಟವಾಯಿತು. 2011ರಲ್ಲಿ ಅದೇ ದೇಶದಲ್ಲಿ ಆರಂಭವಾದ ‘ಚೂಯಿ’ ಎಂಬ ಕಂಪನಿಯು ಜಾಣತನದಿಂದ ನಡೆಯಿತು. ಆದಾಗ್ಯೂ ಇಡೀ ವರ್ಷದ ಲೆಕ್ಕದಲ್ಲಿ ಲಾಭವನ್ನು ಕಾಣಲು ಅದು 2022ರ ವರೆಗೆ ಕಾಯಬೇಕಾಯಿತು. ಹತ್ತು ವರ್ಷಗಳಿಗಿಂತ ಹೆಚ್ಚು ಕಾಲ ನಷ್ಟವನ್ನು ತಾಳಿಕೊಳ್ಳುವ ಭಾಂಡವಲು ನಮ್ಮ ತಾಲೂಕುಗಳಲ್ಲಿ ಯಾರಲ್ಲಿದೆ?

ಈ ಲೆಕ್ಕವನ್ನು ನಮ್ಮ ಊರಿನ ತಕ್ಕಡಿಯಲ್ಲಿ ತೂಗಿ ನೋಡೋಣ. ಕೆಳಗಿನ ಅಂಕೆಗಳು ತಿಳಿವಳಿಕೆಗಾಗಿ ಕಲ್ಪಿಸಿದವು. ತರುಣರು ತಮ್ಮ ತಮ್ಮ ಅಂಕೆಗಳನ್ನು ಹಾಕಿ ನೋಡಲಿ. 10 ಕಿಲೋ ತೂಕದ, 2,000 ರೂಪಾಯಿ ಬೆಲೆಯ ಒಂದು ನಾಯಿಯ ಆಹಾರದ ಚೀಲದಲ್ಲಿ ಚಿಲ್ಲರೆ ವರ್ತಕನಿಗೆ ನೂರಕ್ಕೆ 10ರಂತೆ 200 ರೂಪಾಯಿ ಉಳಿಯಿತೆನ್ನಿರಿ. ಕಿಲೋಕ್ಕೆ 25 ರೂಪಾಯಿಯಂತೆ ಸಾಗಣೆಯ ಖರ್ಚು 250 ರೂಪಾಯಿ. ಅಂಗಡಿಕಾರನು ತನ್ನ ಕೈಯಿಂದ 50 ರೂಪಾಯಿಯನ್ನು ಕೊಟ್ಟು ಬೇರೊಬ್ಬರ ಚೀಲವನ್ನು ಹೊತ್ತು ಹಾಕಿದಂತಾಯಿತು. ಹಗುರವಾದ ಸಾಮಾನಾದರೂ ಬಚಾವೆಂದು ತಿಳಿಯಬೇಡಿರಿ. ಕೋರಿಯರಿನವರು ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸುವ ಲೆಕ್ಕವನ್ನು ಸಾಮಾನ್ಯವಾಗಿ ಇಟ್ಟಿರುತ್ತಾರೆ. ಒಂದೇ ಕಿಲೋ ತೂಗುವ ಮೆತ್ತನೆಯ ಹಾಸಿಗೆಯ ಪೆಟ್ಟಿಗೆಯು 40, 30, 25 ಸೆಂಟಿಮೀಟರಿದ್ದರೆ ಅದು ಅವರ ಲೆಕ್ಕದಲ್ಲಿ 6 ಕಿಲೋ ಆಗುವದು. ಇದರ ಮೇಲೆ, ಮುಟ್ಟಿದ ಬಳಿಕ ಹಣ ಕೊಡುವೆನೆಂದು ತರಿಸಿಕೊಂಡು ಬಾಗಿಲಲ್ಲಿಯೇ ತಿರುಗಿಸಿ ಕಳಿಸುವ ಗಿರಾಕಿಯಿಂದ ಹೋಗುವ ಬಾಡಿಗೆ, ಬರುವ ಬಾಡಿಗೆ ಎರಡೂ ಅಂಗಡಿಕಾರನ ತಲೆಯ ಮೇಲೆ ಬೀಳುತ್ತವೆ.

ಪರರ ಚೀಲವನ್ನು ಮಾರುವದರಲ್ಲಿ ದೊಡ್ಡ ಕಂಪನಿಗಳೊಡನೆ ನಾವು ಸೆಣಸಲಾರೆವು, ಸೆಣಸಬೇಕಾದುದೂ ಇಲ್ಲ. ಹಾಗಾದರೆ ಮಾರುವದೇನನ್ನು? ಈ ಪ್ರಶ್ನದ ಉತ್ತರವು ರಾಮದುರ್ಗದಿಂದ ಲೋಕಾಪುರವನ್ನು ದಾಟಿ ಮುಂದೆ ಹೋದರೆ ದೊರೆಯುವದು. ಅಲ್ಲಿ ಮುಧೋಳವಿದೆ.

ರಾಮದುರ್ಗ, ಮುಧೋಳಗಳೆರಡೂ 1948ರ ವರೆಗೆ ಸಂಸ್ಥಾನಗಳಾಗಿದ್ದವು. ಬೇಡರು ಬೇಟೆಗೆ ಸಾಕುತ್ತಿದ್ದ ತೆಳ್ಳನ್ನ, ನೀಳಗಾಲಿನ, ಗಾಳಿಯಂತೆ ಓಡುವ ನಾಯಿಯ ತಳಿಯನ್ನು ಮುಧೋಳದ ರಾಜರಾದ ಮಾಲೋಜಿರಾವ ಘೋರ್ಪಡೆಯವರು ಆಸ್ಥೆಯಿಂದ ಬೆಳೆಸಿದರು. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯಂತೆ ನಾವಾದರೋ ಅದನ್ನು ಬಹುಕಾಲ ಹಳ್ಳಿಯ ನಾಯಿಯೆಂದೇ ಬಗೆದೆವು. 2005ರ ಜನವರಿಯಲ್ಲಿ ಭಾರತದ ಅಂಚೆ ಇಲಾಖೆಯು ನಾಲ್ಕು ದೇಶೀ ತಳಿಗಳ ಅಂಚೆಚೀಟಿಗಳನ್ನು ಹೊರಡಿಸಿದಾಗ ಮುಧೋಳದ ನಾಯಿಯು ಅವುಗಳಲ್ಲಿ ಒಂದಾಗಿತ್ತು. ಬೀದರದ ಪಶು ವಿಶ್ವವಿದ್ಯಾಲಯವು ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನೆಯ ಕೇಂದ್ರವನ್ನು ನಡೆಸುತ್ತಿದೆ. 2016ರಲ್ಲಿ ಈ ತಳಿಯ ಮರಿಗಳು ಮೇರಠದ ಸೇನಾ ತರಬೇತಿಗೆ ಹೋದವು. 2020ರ ಆಗಸ್ಟ 30ರಂದು ಪ್ರಧಾನಮಂತ್ರಿ ನರೇಂದ್ರ ಮೋದಿಯವರು ತಮ್ಮ ರೇಡಿಯೋ ಭಾಷಣದಲ್ಲಿ ಇದರ ಹೆಸರನ್ನೆತ್ತಿದ ಮೇಲೆ ದೇಶದ ಮೂಲೆಮೂಲೆಗಳಲ್ಲಿಯೂ ಇದರ ಮಾತು ಕೇಳಿಬಂದಿತು.

ಇಲ್ಲಿಯೇ ನಮ್ಮ ತರುಣರ ಅಂಗಡಿಗೆ ಸ್ಥಳವಿದೆ. ಈ ನಾಯಿಯ ತಲೆಯು ಕಿರಿದು, ಕುತ್ತಿಗೆಯು ನೀಳವಾದುದು ಹಾಗೂ ಬಲವಾದುದು. ಆದುದರಿಂದ ಪೇಟೆಯ ಸಾಧಾರಣ ಕೊರಳಪಟ್ಟಿಯು ತಲೆಯ ಮೇಲಿಂದ ಜಾರಿಹೋಗುವದು. ಇದಕ್ಕೆ ಅಗಲವಾದ, ಎಳೆದಾಗ ತುಸು ಬಿಗಿಯುವ ಪಟ್ಟಿಯು ಬೇಕು. ಇದರ ಎದೆಯು ಆಳ, ಸೊಂಟವು ಸಣ್ಣದು. ಪರದೇಶೀ ನಾಯಿಯ ಅಳತೆಗೆ ಹೊಲಿದ ಅಂಗಿಯು ಇದಕ್ಕೆ ಒಪ್ಪುವದಿಲ್ಲ. ಮೈಯಲ್ಲಿ ಕೊಬ್ಬಿಲ್ಲ, ಕೂದಲು ಮೋಟು. ಆದುದರಿಂದ ಚಳಿಯ ನಾಡಿನಲ್ಲಿ ಸಾಕುವವರಿಗೆ ಬೆಚ್ಚನೆಯ ಜೂಲು ಬೇಕೇ ಬೇಕು. ಈ ನಾಯಿಯ ಮೈಯಳತೆಯನ್ನು ನೂರಾರು ಮನೆಗಳಿಗೆ ಹೋಗಿ ಹಗ್ಗ ಹಿಡಿದು ಅಳೆಯಬಲ್ಲವರು ದಿಲ್ಲಿಯವರೋ ನಾವೋ?

ಪಟ್ಟಿಯನ್ನು ಮಾಡುವ ಕೈಗಳೂ ಇಲ್ಲಿಯೇ ಇವೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ದೊರೆತ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಈ ನಮ್ಮ ನಾಲ್ಕು ಜಿಲ್ಲೆಗಳೂ ಸೇರಿವೆ. ನಮ್ಮ ಚರ್ಮದ ಕೆಲಸಗಾರರ ಕಸುಬಿನ ಬೆಲೆ ನಮಗೆ ತಿಳಿಯದಿದ್ದರೂ ಇಟಲಿಯವರಿಗೆ ತಿಳಿದಿತ್ತು. 2025ರ ಜೂನದಲ್ಲಿ ಪ್ರಾಡಾ ಕಂಪನಿಯು ಅಂಥದೇ ಚಪ್ಪಲಿಯನ್ನು ಮಿಲಾನಿನ ಪ್ರದರ್ಶನದಲ್ಲಿ ಮೆರೆಸಿ, ದೇಶದಲ್ಲಿ ಕೂಗೆದ್ದ ಮೇಲೆ ಅದರ ಮೂಲವನ್ನು ಒಪ್ಪಿಕೊಂಡಿತು. ಜೂಲಿಗೆ ಕುರುಬರ ಕಂಬಳಿಯಿದೆ. ಆ ಉಣ್ಣೆಯು ಒರಟಾಗಿ ಚುಚ್ಚುವದರಿಂದ ಒಳಪದರಕ್ಕೆ ರಾಮದುರ್ಗದ ಕೈಮಗ್ಗದ ಹತ್ತಿಯ ಬಟ್ಟೆಯಿದೆ. ಕಾಲು ಕಿಲೋ ತೂಗುವ ಒಂದು ಪಟ್ಟಿಯನ್ನು 600 ರೂಪಾಯಿಗೆ ಮಾರಿದರೆ, ಚರ್ಮಕ್ಕೂ ಕೂಲಿಗೂ 300, ಟಪಾಲಿಗೆ 60, ಪೆಟ್ಟಿಗೆಗೂ ಮಧ್ಯಸ್ಥರ ಕಮೀಶನ್ನಿಗೂ 90 ಹೋಗಿ 150 ರೂಪಾಯಿ ಉಳಿಯಬಹುದು. ಐದರಲ್ಲಿ ಒಂದು ತಿರುಗಿ ಬಂದು 120 ರೂಪಾಯಿ ಬಾಡಿಗೆ ತೆತ್ತರೂ ಉಳಿದ ನಾಲ್ಕರಿಂದ 480 ರೂಪಾಯಿ ಕೈಗೆ ಬರುವದು. ಇದೂ ಕಲ್ಪಿಸಿದ ಲೆಕ್ಕವೇ. ಆದರೆ ಚೀಲದ ಲೆಕ್ಕವು ಕೆಳಗಿಳಿಯುವಲ್ಲಿ ಇದು ಮೇಲೇರುತ್ತದೆ ಎಂಬದನ್ನು ಗಮನಿಸಿರಿ.

ಇನ್ನು ಕಾಯದೆಯ ಮಾತು. ಸಾಮಾನುಗಳನ್ನು ಮಾರುವದು ಬೇರೆ, ಜೀವವನ್ನು ಮಾರುವದು ಬೇರೆ. ನಾಯಿಮರಿಗಳ ಮಾರಾಟಕ್ಕೆ 2017ರ ಶ್ವಾನ ಸಂತಾನ ನಿಯಮಗಳೂ 2018ರ ಸಾಕುಪ್ರಾಣಿ ಅಂಗಡಿಯ ನಿಯಮಗಳೂ ಅನ್ವಯಿಸುತ್ತವೆ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯ ನೋಂದಣಿಯಿಲ್ಲದೆ ಮಾರುವಂತಿಲ್ಲ, ಅಂತರ್ಜಾಲದ ಅಂಗಡಿಗೂ ಇದು ತಪ್ಪಿದ್ದಲ್ಲ. ನಮ್ಮ ಕಾಡಿನ ಗಿಳಿಯನ್ನು ಪಂಜರದಲ್ಲಿಟ್ಟು ಮಾರುವದನ್ನು 1972ರ ವನ್ಯಜೀವಿ ಕಾಯದೆಯು ನಿಷೇಧಿಸಿದೆ. ಔಷಧಗಳನ್ನು ಮಾರಲು 1940ರ ಔಷಧ ಕಾಯದೆಯ ಮೇರೆಗೆ ಪರವಾನಿಗೆ ಬೇಕು. ಹೊಸಬರು ಜೀವವನ್ನೂ ಔಷಧವನ್ನೂ ಮುಟ್ಟದೆ ಸಾಮಾನುಗಳಿಂದಲೇ ಆರಂಭಿಸುವದು ಶ್ರೇಯಸ್ಕರವು. ವರ್ಷಕ್ಕೆ 40 ಲಕ್ಷ ರೂಪಾಯಿಯೊಳಗೆ, ರಾಜ್ಯದೊಳಗೆ ಮಾತ್ರ ಸರಕು ಮಾರುವ ಸಣ್ಣ ವರ್ತಕನು ಜಿಎಸ್‌ಟಿ ನೋಂದಣಿಯಿಲ್ಲದೆಯೂ ದೊಡ್ಡ ಜಾಲತಾಣಗಳ ಮೂಲಕ ಮಾರಲು 2023ರ ಅಕ್ಟೋಬರದಿಂದ ದಾರಿಯಾಗಿದೆ. ಪುಣೆ, ಮುಂಬಯಿಗಳಿಗೆ ಕಳಿಸಬೇಕಾದರೆ ಮಾತ್ರ ಸಾಮಾನ್ಯವಾಗಿ ನೋಂದಣಿ ಮಾಡಿಸಬೇಕಾಗುವದು. ಸರಕಾರದ ಧೋರಣೆಯ ಒಂದು ಭೇದವನ್ನೂ ಇಲ್ಲಿ ಹೇಳಬೇಕು: 2017ರಲ್ಲಿ ಜಿಎಸ್‌ಟಿ ಬಂದಾಗ ದನದ ಆಹಾರಕ್ಕೆ ತೆರಿಗೆಯಿಲ್ಲ, ಪೊಟ್ಟಣದ ನಾಯಿಯ ಆಹಾರಕ್ಕೆ ನೂರಕ್ಕೆ 18 ಎಂದು ನಿಶ್ಚಯಿಸಲಾಯಿತು. ಕುರಿ ಕಾಯುವ ನಾಯಿಯೂ ಶ್ರೀಮಂತರ ಚೈನಿಯೆಂದು ದಿಲ್ಲಿಯವರು ತಿಳಿದಿರಬೇಕು!

ಮತ್ತೊಂದು ಮುಖ್ಯ ವಿಷಯವು ಭಾಷೆಯದು. ಪೊಟ್ಟಣದ ಮೇಲಿನ ವಿವರಗಳು ಹಿಂದಿಯಲ್ಲಿ ಇಲ್ಲವೆ ಇಂಗ್ಲೀಷಿನಲ್ಲಿ ಇರಬೇಕೆಂದು 2011ರ ಕೇಂದ್ರ ನಿಯಮಗಳು ಹೇಳುತ್ತವೆ. ಅವುಗಳ ಜೊತೆಗೆ ಬೇರೆ ಭಾಷೆಯಲ್ಲಿ ಬರೆಯಲು ಅಡ್ಡಿಯಿಲ್ಲವೆಂದೂ ಹೇಳುತ್ತವೆ. ಆದರೂ ಎಷ್ಟು ಪೊಟ್ಟಣಗಳ ಮೇಲೆ ಕನ್ನಡವಿದೆ? ಮರಿಗೆ ಎಷ್ಟು ಉಣಿಸಬೇಕು, ಪಟ್ಟಿಯನ್ನು ಎಷ್ಟು ಬಿಗಿಯಬೇಕು ಎಂಬ ಸೂಚನೆಯನ್ನು ಓದಲಾರದೆ ಪ್ರಾಣಿಯನ್ನು ಬಾಧಿಸುವ ಮನೆಗಳಿಗೆ ಕನ್ನಡದಲ್ಲಿ ತಿಳಿಸಿ ಹೇಳುವ ಅಂಗಡಿಯೊಂದು ಬೇಕಾಗಿದೆ. ಅದು ಭಾಷಾಸೇವೆಯೂ ಅಹುದು, ವ್ಯಾಪಾರವೂ ಅಹುದು. ಕನ್ನಡದಲ್ಲಿ ಕೇಳಿದವನಿಗೆ ಕನ್ನಡದಲ್ಲಿ ಉತ್ತರ ಕೊಡುವ ಅಂಗಡಿಯನ್ನು ಗಿರಾಕಿಯು ಸುಲಭವಾಗಿ ಬಿಟ್ಟುಹೋಗುವದಿಲ್ಲ.

ನಮ್ಮ ನಾಡಿಗೆ ಇಂಥ ಪಾಠವು ಹೊಸದಲ್ಲ. ಗಂಗಾಧರರಾವ ದೇಶಪಾಂಡೆಯವರು ಹುದಲಿಯಲ್ಲಿ ಖಾದಿಯ ಕೆಲಸವನ್ನು ಬೆಳೆಸಿದಾಗಲೂ ನಕ್ಕವರಿದ್ದರು. ಗಿರಣಿಯ ಬಟ್ಟೆಯ ಮುಂದೆ ಕೈನೂಲು ನಿಲ್ಲುವದೆ ಎಂದು ಕೇಳಿದರು. 1937ರಲ್ಲಿ ಮಹಾತ್ಮಾ ಗಾಂಧಿಯವರು ಅದೇ ಹುದಲಿಗೆ ಬಂದು ಇಳಿದರು. ಆ ಕೆಲಸದ ತಿರುಳು ಬಟ್ಟೆಯಲ್ಲಿರಲಿಲ್ಲ. ನೂತವನ ಕೈಗೆ ಕಾಸು ನೇರವಾಗಿ ಮುಟ್ಟಬೇಕೆಂಬ ನಿಯಮದಲ್ಲಿತ್ತು. ಆ ನಿಯಮವನ್ನೇ ಇಂದಿನ ಅಂಗಡಿಗೂ ಹಾಕಬೇಕು. ಚಮ್ಮಾರನಿಗೂ ಕಂಬಳಿ ನೇಯುವವನಿಗೂ ಅಂದಂದಿನ ಕೂಲಿಯನ್ನಷ್ಟೇ ಎಸೆದು ಲಾಭವನ್ನೆಲ್ಲ ಬಾಚಿಕೊಂಡರೆ, ಪರದೇಶೀ ಕಂಪನಿಯ ಸ್ಥಳಕ್ಕೆ ಊರ ಕಂಪನಿಯು ಬಂದಿತಷ್ಟೇ. ಮಾಡಿದವನ ಹೆಸರು ಪಟ್ಟಿಯ ಮೇಲಿರಲಿ, ಮಾರಿದುದರಲ್ಲಿ ಅವನಿಗೆ ಪಾಲಿರಲಿ.

ತರುಣರಿಗೆ ನಮ್ಮ ಸೂಚನೆಯಿಷ್ಟೇ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬೇಡಿರಿ; ಸಾಲ ತಂದು ಸಾವಿರ ಬಗೆಯ ಸಾಮಾನು ತುಂಬಬೇಡಿರಿ. ಒಂದು ಪಟ್ಟಿ, ಒಂದು ಜೂಲು, ಒಂದು ಹಗ್ಗ ಈ ಮೂರರಿಂದ ಆರಂಭಿಸಿರಿ. ಮುಧೋಳಕ್ಕೆ ಹೋಗಿ ನಾಯಿ ಸಾಕುವವರ ಮಾತನ್ನು ಕೇಳಿರಿ; ತಿಮ್ಮಾಪುರದ ತಜ್ಞರಿಗೆ ಮಾದರಿಯನ್ನು ತೋರಿಸಿರಿ; ಹತ್ತು ನಾಯಿಗಳ ಕೊರಳಲ್ಲಿ ಒಂದು ಮಳೆಗಾಲ ಬಾಳಿದ ಮೇಲೆಯೇ ಮಾರಾಟಕ್ಕಿಡಿರಿ. ನಮ್ಮ ಸಹಕಾರಿ ಬ್ಯಾಂಕುಗಳ ಸಂಚಾಲಕರೂ ಇತ್ತ ಲಕ್ಷ್ಯಗೊಡಲಿ. ಟ್ರ್ಯಾಕ್ಟರಿಗೂ ಮದುವೆಗೂ ಕೊಡುವ ಸಾಲದಲ್ಲಿ ಒಂದು ಸಣ್ಣ ಭಾಗವು ಹೊಲಿಗೆಯ ಯಂತ್ರಕ್ಕೂ ಚರ್ಮದ ಉಪಕರಣಕ್ಕೂ ಸಲ್ಲಲಿ.

ವ್ಯಾಪಾರಕ್ಕೆಂದು ಬಂದ ಕಂಪನಿಯೊಂದನ್ನು 1824ರಲ್ಲಿ ಎದುರಿಸಿ ನಿಂತ ರಾಣಿ ಚೆನ್ನಮ್ಮನ ಕಿತ್ತೂರು ನಮ್ಮದು. ಅವಳ ಸಮಾಧಿಯಿರುವ ಬೈಲಹೊಂಗಲವೂ ನಮ್ಮದು. ಇಂದಿನ ಕಂಪನಿಗಳು ತೋಪನ್ನು ತರುವದಿಲ್ಲ, ಕತ್ತಿಯಿಂದ ಅವನ್ನು ಎದುರಿಸುವ ಮಾತೂ ಇಲ್ಲ. ಅವು ಮಾಡಲಾರದ ಸರಕನ್ನು ನಾವು ಮಾಡಿ ತೋರಿಸಬೇಕು, ಇಷ್ಟೇ. ನಮ್ಮ ನಾಯಿಯ ಕೊರಳಿಗೆ ನಮ್ಮ ಕೈಯ ಪಟ್ಟಿಯು ಬೀಳಲಿ. ಆ ಮೇಲೆ ಹಿರಿಯರ ನಗೆಯು ತಾನಾಗಿಯೇ ನಿಲ್ಲುವದು.