ಹಗುರ ಇಟ್ಟಿಗೆಯೂ ಬಡವನ ಮನೆಯೂ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ಸೀಮೆಗಳಲ್ಲಿ ವಾಸದ ಮನೆಯ ಪ್ರಶ್ನೆಯು ಎಷ್ಟು ಕಠಿನವಾದುದೆಂಬುದನ್ನು 2019ರ ಆಗಸ್ಟ್ ತಿಂಗಳ ಮಳೆಯು ಸರ್ವರಿಗೂ ಮನದಟ್ಟು ಮಾಡಿಕೊಟ್ಟಿತು. ಲಕ್ಷ್ಮಣತೀರ್ಥವು ಉಕ್ಕಿ ಹುಣಸೂರು ಪಟ್ಟಣದೊಳಕ್ಕೆ ನುಗ್ಗಿತು. ಕಪಿಲೆಯು ದಡ ಮೀರಿ ಹರಿಯಿತು. ಹಳ್ಳಿಗಳಲ್ಲಿ ಹಳೆಯ ಮಣ್ಣಿನ ಗೋಡೆಗಳು ನೆನೆದು ನೆಲಕ್ಕೊರಗಿದುವು. ಪೂರ್ಣವಾಗಿ ಹಾಳಾದ ಮನೆಗೆ 5 ಲಕ್ಷ ರೂಪಾಯಿಗಳ ನೆರವನ್ನು ಸರ್ಕಾರದವರು ಆಗ ಸಾರಿದರು. ಆದರೆ ಪ್ರವಾಹದಿಂದ ಬೀಳದೆ, ವರ್ಷ ವರ್ಷಕ್ಕೂ ಶಿಥಿಲವಾಗುತ್ತ ಬಂದಿರುವ ಗುಡಿಸಲಿನ ಒಡೆಯನಿಗೆ ದೊರೆಯತಕ್ಕುದೆಷ್ಟು? ಪ್ರಧಾನಮಂತ್ರಿ ಗ್ರಾಮೀಣ ಆವಾಸ ಯೋಜನೆಯಲ್ಲಿ ಬಯಲುಸೀಮೆಯ ಮನೆಗೆ 2016ರಲ್ಲಿ ಗೊತ್ತುಮಾಡಿದ 1 ಲಕ್ಷ 20 ಸಾವಿರ ರೂಪಾಯಿ. 2024ರಲ್ಲಿ ಯೋಜನೆಯನ್ನು ಮುಂದುವರಿಸಿದಾಗಲೂ ಆ ಮೊತ್ತವು ಒಂದು ಕಾಸೂ ಏರಲಿಲ್ಲ. ಈ ಎಂಟು ವರ್ಷಗಳಲ್ಲಿ ಸಿಮೆಂಟು, ಕಬ್ಬಿಣ, ಮರಳು, ಕೂಲಿ ಯಾವುದೂ ಹಾಗೆ ನಿಂತಲ್ಲೇ ನಿಂತಿರಲಿಲ್ಲವೆಂಬುದನ್ನು ವಾಚಕರಿಗೆ ನಾವು ಹೇಳಬೇಕಾದುದಿಲ್ಲ.

ಬೆಲೆಗೂ ನೆರವಿಗೂ ನಡುವಣ ಈ ಕಂದರವನ್ನು ತಾನು ತುಂಬುವೆನೆಂದು ಈಗ ಹೊಸದೊಂದು ಸಾಮಗ್ರಿಯು ನಮ್ಮ ಊರುಗಳಿಗೆ ಬಂದಿದೆ. ವ್ಯಾಪಾರಿಗಳು ಅದನ್ನು ಎ.ಎ.ಸಿ. ಬ್ಲಾಕ್ ಎನ್ನುತ್ತಾರೆ, ಜನರು ಹಗುರ ಇಟ್ಟಿಗೆ ಎನ್ನುತ್ತಾರೆ. ಇದರಿಂದ ಮನೆಯ ವೆಚ್ಚವು ಬಹಳವಾಗಿ ಇಳಿಯುವುದೆಂಬ ಮಾತು ಎಲ್ಲೆಡೆ ಹಬ್ಬಿದೆ. ಜೀವಮಾನದಲ್ಲಿ ಒಮ್ಮೆ ಮಾತ್ರ ಮನೆ ಕಟ್ಟುವ ಶಕ್ತಿಯುಳ್ಳ ಮನುಷ್ಯನು ಇಂಥ ಮಾತನ್ನು ನಂಬಿ ಹಣ ತೊಡಗಿಸುವನಾದುದರಿಂದ, ಇದರಲ್ಲಿ ಸತ್ಯಾಂಶವೆಷ್ಟೆಂಬುದನ್ನು ವಿಚಾರಿಸುವುದು ಸಾರ್ವಜನಿಕ ಕರ್ತವ್ಯವಾಗಿದೆ.

ವಸ್ತುವು ಹೊಸದೇನೂ ಅಲ್ಲ. ಮರದಷ್ಟು ಹಗುರವಾಗಿ, ಮರದಂತೆ ಬೇಯದ ಹಾಗೂ ಕೊಳೆಯದ ಗೋಡೆಯನ್ನು ಅರಸಿದ ಸ್ವೀಡನ್ ದೇಶದ ಆಕ್ಸೆಲ್ ಎರಿಕ್ಸನ್ ಎಂಬ ವಾಸ್ತುಶಿಲ್ಪಿಯು 1920ರ ದಶಕದಲ್ಲಿ ಇದನ್ನು ಕಂಡುಹಿಡಿದನು. 1929ರಲ್ಲಿ ಅಲ್ಲಿ ಕಾರ್ಖಾನೆಯು ಆರಂಭವಾಯಿತು. ನಮ್ಮ ದೇಶದಲ್ಲಿ 1970ರ ದಶಕದಲ್ಲಿ ಪುಣೆಯಲ್ಲಿ ತಯಾರಿಕೆ ನಡೆಯಿತು. ಹಾರುಬೂದಿ ಅಥವಾ ನುಣುಪಾದ ಮರಳು, ಸಿಮೆಂಟು, ಸುಣ್ಣ, ಜಿಪ್ಸಮ್ ಇವನ್ನು ನೀರಿನಲ್ಲಿ ಕಲಸಿ, ಅತ್ಯಲ್ಪ ಅಲ್ಯುಮಿನಿಯಂ ಪುಡಿಯನ್ನು ಸೇರಿಸಿದರೆ, ಜಲಜನಕ ವಾಯುವು ಹುಟ್ಟಿ ಆ ಮಿಶ್ರಣವು ಹುದುಗು ಬಂದ ಇಡ್ಲಿ ಹಿಟ್ಟಿನಂತೆ ಉಬ್ಬುತ್ತದೆ. ಗಟ್ಟಿಯಾಗುತ್ತಿರುವಾಗಲೇ ತಂತಿಯಿಂದ ಅಳತೆಗೆ ಕೊಯ್ದು, ಭಾರಿ ಒತ್ತಡದ ಹಬೆಯಲ್ಲಿ ಗಂಟೆಗಟ್ಟಲೆ ಬೇಯಿಸುತ್ತಾರೆ. ಅಸಂಖ್ಯಾತ ಗಾಳಿಯ ಕಣಗಳಿರುವುದರಿಂದಲೇ ಇದು ಹಗುರವಾಗಿಯೂ ಬಿಸಿಲಿನ ಕಾವನ್ನು ನಿಧಾನವಾಗಿ ಬಿಡುವಂಥದಾಗಿಯೂ ಇದೆ. ರಾಯಚೂರು, ಬಳ್ಳಾರಿಗಳ ವಿದ್ಯುದಾಗಾರಗಳಲ್ಲಿ ಬೆಟ್ಟದಂತೆ ಬೀಳುವ ಬೂದಿಗೆ ಇದರಿಂದ ಒಂದು ಸದುಪಯೋಗವಾಗುತ್ತದೆ. ಗದ್ದೆಯ ಮೇಲ್ಮಣ್ಣನ್ನು ಬಗೆದು, ಸೌದೆಯನ್ನುರಿಸಿ ಇಟ್ಟಿಗೆ ಸುಡುವ ಪದ್ಧತಿಗಿಂತ ಇದು ನಾಡಿಗೆ ಹಿತವೆಂಬುದರಲ್ಲಿ ಸಂದೇಹವಿಲ್ಲ.

ಪರದೇಶದ ವಸ್ತುವೆಂದು ಇದನ್ನು ದೂರತಕ್ಕುದೂ ಇಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗ ಅದೂ ಹೊಸತಾಗಿಯೇ ಇದ್ದಿತು. ಮುಂದೆ ಮಂಗಳೂರು ಹೆಂಚು ನಮ್ಮ ಹಳ್ಳಿಗಳಲ್ಲಿ ನಾಡಹೆಂಚಿನಷ್ಟೇ ಸ್ವಂತವಾಯಿತು. ಯಾವ ವಸ್ತುವೂ ನಮ್ಮದಾಗುವುದು ನಮ್ಮ ಕೆಲಸಗಾರರ ಕೈಗೆ ಅದು ಪಳಗಿದಾಗ. ಹಗುರ ಇಟ್ಟಿಗೆಯ ವಿಷಯದಲ್ಲಿ ಇನ್ನೂ ಆಗಬೇಕಾಗಿರುವುದು ಇದೇ.

ಈಗ ಲೆಕ್ಕವನ್ನು ನೋಡೋಣ. ಹೊರಗೆ 20 ಅಡಿ ಉದ್ದ, 15 ಅಡಿ ಅಗಲ, ಎಂದರೆ ನಮ್ಮ ಮೇಸ್ತ್ರಿಗಳ ಮಾತಿನಲ್ಲಿ ಮೂರು ಚದರದ ಮನೆಯೊಂದನ್ನು ತೆಗೆದುಕೊಳ್ಳಿ. ಗೋಡೆಯ ಎತ್ತರ 10 ಅಡಿ. ಬಾಗಿಲು ಕಿಟಕಿಗಳನ್ನು ಕಳೆದು, ಹೊರಗೋಡೆಯನ್ನು 8 ಅಂಗುಲದ, ಒಳಗಿನ ಅಡ್ಡಗೋಡೆಗಳನ್ನು 4 ಅಂಗುಲದ ಹಗುರ ಇಟ್ಟಿಗೆಯಿಂದ ಕಟ್ಟಿದರೆ ಸುಮಾರು 13 ಘನ ಮೀಟರು, ಸಂಖ್ಯೆಯಲ್ಲಿ ಆರುನೂರಮೂವತ್ತರಷ್ಟು ಬ್ಲಾಕುಗಳು ಬೇಕಾಗುತ್ತವೆ. ಅದೇ ಮನೆಯನ್ನು 9 ಅಂಗುಲದ ಸುಟ್ಟ ಇಟ್ಟಿಗೆಯಲ್ಲಿ ಕಟ್ಟಿದರೆ ಆರು ಸಾವಿರಕ್ಕೂ ಮಿಕ್ಕ ಇಟ್ಟಿಗೆ ಬೇಕು. ಮೊದಲನೆಯ ಗೋಡೆಯ ತೂಕ ಎಂಟು ಟನ್ನಿನ ಆಸುಪಾಸು. ಎರಡನೆಯದು ಇಪ್ಪತ್ತೈದು ಟನ್ನನ್ನು ಮೀರುತ್ತದೆ. ಬ್ಲಾಕಿನ ಸಂಖ್ಯೆ ಕಡಿಮೆಯಾದುದರಿಂದ ಸಂದುಗಳು ಕಡಿಮೆ. ಸಂದುಗಳು ಕಡಿಮೆಯಾದುದರಿಂದ ಗಾರೆಯೂ ಕೂಲಿಯ ದಿನಗಳೂ ಕಡಿಮೆ. ಮುಖವು ಸಮವಾಗಿರುವುದರಿಂದ ಗಿಲಾವೂ ತೆಳ್ಳಗಾಗುತ್ತದೆ. ಈ ಉಳಿತಾಯವು ನಿಜವಾದುದು.

ಆದರೆ ಕಬ್ಬಿಣದಲ್ಲಿ ಆಗುವುದೆಂದು ಹೇಳುವ ದೊಡ್ಡ ಉಳಿತಾಯವಿದೆಯಷ್ಟೆ, ಅದು ಬೆಂಗಳೂರಿನ ಹತ್ತಂತಸ್ತಿನ ಕಟ್ಟಡಕ್ಕೆ ಸೇರಿದ್ದು. ಅಲ್ಲಿ ಗೋಡೆಯ ಭಾರವನ್ನು ಕಂಬ ತೊಲೆಗಳು ಹೊರುತ್ತವೆ. ಭಾರ ಇಳಿದರೆ ಕಬ್ಬಿಣವೂ ಇಳಿಯುತ್ತದೆ. ಒಂದಂಕಣದ, ಗೋಡೆಯ ಮೇಲೆಯೇ ತಾರಸಿ ಕೂರುವ ನಮ್ಮ ಬಡವನ ಮನೆಯಲ್ಲಿ ಕಂಬಗಳೇ ಇಲ್ಲ. ತಳಪಾಯದ ಸೈಜುಗಲ್ಲಿನ ಅಗಲವನ್ನು ಒಂದು ಮಿತಿಯಿಂದ ಕೆಳಕ್ಕಿಳಿಸಲೂ ಬರುವುದಿಲ್ಲ. ಹಗುರ ಇಟ್ಟಿಗೆಗೆಂದೇ ಅನಾವಶ್ಯಕವಾದ ಕಂಬಗಳನ್ನು ಎಬ್ಬಿಸಿದರೆ ಉಳಿತಾಯದ ಹೆಸರಿನಲ್ಲಿ ನಷ್ಟವೇ ಆಗುವುದು. ತಂಪಿನ ವಿಷಯವೂ ಹಾಗೆಯೇ. ಒಂದಂತಸ್ತಿನ ಮನೆಗೆ ಕಾವು ಬಹುಮಟ್ಟಿಗೆ ಇಳಿಯುವುದು ತಾರಸಿಯಿಂದ. ಗೋಡೆಯೊಂದನ್ನು ಬದಲಿಸಿ ತಾರಸಿಯನ್ನು ಬರಿದೆ ಬಿಟ್ಟರೆ ತಂಪು ಅರ್ಧವೇ ದೊರೆಯುವುದು. ಅಲ್ಲದೆ ನಮ್ಮಲ್ಲಿ ಈಗ ಕಟ್ಟುವ ಮನೆಗಳಲ್ಲಿ 6 ಅಂಗುಲದ ಸಾಲಿಡ್ ಬ್ಲಾಕಿನವೂ ಬಹಳವಾಗಿವೆ. ಸಮೀಪದಲ್ಲಿಯೇ ತಯಾರಾಗಿ, ನೂರಿನ್ನೂರರಂತೆ ಬೇಕಾದಾಗ ಬೇಕಾದಷ್ಟು ದೊರೆಯುವ ಆ ಬ್ಲಾಕಿನೊಡನೆ ಹೋಲಿಸಿದರೆ, ಹಗುರ ಇಟ್ಟಿಗೆಯ ಅಗ್ಗವು ಸಾಗಣೆಯ ದೂರವನ್ನೇ ಅವಲಂಬಿಸಿದೆ.

ಆದುದರಿಂದ ನಮ್ಮ ಅಭಿಪ್ರಾಯವಿಷ್ಟು: ಈ ಸಾಮಗ್ರಿಯು ತಾನಾಗಿ ಅಗ್ಗವೂ ಅಲ್ಲ, ದುಬಾರಿಯೂ ಅಲ್ಲ. ತುಂಬಿದ ಲಾರಿಯಲ್ಲಿ ಬಂದು, ಅರಿತವನ ಕೈಯಲ್ಲಿ ಗೋಡೆಯಾದರೆ ಅಗ್ಗ. ಚಿಲ್ಲರೆಯಾಗಿ ಬಂದು ಅರಿಯದವನ ಕೈಗೆ ಸಿಕ್ಕಿದರೆ ದುಬಾರಿ. ಬಡವನಿಗೆ ಈ ಎರಡೂ ಅನುಕೂಲಗಳು ಇಂದು ಇಲ್ಲ. ದೊಡ್ಡ ಲಾರಿಯೊಂದರ ಹೊರೆಯಲ್ಲಿ ಮೇಲೆ ಹೇಳಿದಂಥ ಎರಡು ಮನೆಗಳ ಗೋಡೆಗಳಾಗುತ್ತವೆ. ನೆರವಿನ ಹಣವನ್ನು ಕಂತುಕಂತಾಗಿ ಪಡೆಯುವ ಕೂಲಿಕಾರನು ಒಬ್ಬನೇ ಲಾರಿಯನ್ನು ತರಿಸುವುದೆಂತು?

ಕೊಳ್ಳುವವರು ತಿಳಿದಿರಬೇಕಾದ ಕೆಲವು ಅಂಶಗಳನ್ನು ಇಲ್ಲಿ ಹೇಳುವುದು ಯುಕ್ತವಾಗಿದೆ. ಅಂಗಡಿಯವರು ಬೆಲೆಯನ್ನು ಕೆಲವೊಮ್ಮೆ ಘನ ಮೀಟರಿಗೆ, ಕೆಲವೊಮ್ಮೆ ಬಿಡಿಗೆ ಹೇಳುತ್ತಾರೆ. ಒಂದು ಘನ ಮೀಟರಿಗೆ 8 ಅಂಗುಲದವು 41ಕ್ಕಿಂತ ತುಸು ಹೆಚ್ಚು, 6 ಅಂಗುಲದವು 55, 4 ಅಂಗುಲದವು 83 ಬರುತ್ತವೆಂಬುದನ್ನು ನೆನಪಿಟ್ಟರೆ ಮೋಸ ಹೋಗಬೇಕಾಗಿಲ್ಲ. ಹಬೆಯಲ್ಲಿ ಬೇಯಿಸಿದ ಬ್ಲಾಕಿಗೂ, ನೊರೆ ಬೆರೆಸಿ ಹಾಗೆಯೇ ಒಣಗಿಸಿದ ಬ್ಲಾಕಿಗೂ ನೋಟದಲ್ಲಿ ಹೆಚ್ಚು ಭೇದವಿಲ್ಲ; ಗುಣದಲ್ಲಿ ಭೇದವುಂಟು. ಮೊದಲನೆಯದಕ್ಕೆ ಭಾರತೀಯ ಮಾನಕ 2185ರ ಮೂರನೆಯ ಭಾಗವೂ, ಎರಡನೆಯದಕ್ಕೆ ನಾಲ್ಕನೆಯ ಭಾಗವೂ ಅನ್ವಯಿಸುತ್ತವೆ. ತಾರಸಿಯನ್ನು ಹೊರುವ ಗೋಡೆಗೆ ಮೊದಲನೆಯದನ್ನೇ, ಅದರಲ್ಲಿಯೂ ಚದರ ಮಿಲಿಮೀಟರಿಗೆ 4 ನ್ಯೂಟನ್ ಒತ್ತಡವನ್ನು ತಾಳುವ ಉತ್ತಮ ದರ್ಜೆಯದನ್ನೇ, ಪರೀಕ್ಷಾ ಪತ್ರವನ್ನು ನೋಡಿ ಕೊಳ್ಳತಕ್ಕದ್ದು.

ಇನ್ನು ಕಟ್ಟುವ ಕ್ರಮ. ಸುಟ್ಟ ಇಟ್ಟಿಗೆಯನ್ನು ತೊಟ್ಟಿಯಲ್ಲಿ ನೆನೆಹಾಕುವ ಅಭ್ಯಾಸವು ನಮ್ಮ ಗಾರೆ ಕೆಲಸದವರಲ್ಲಿ ಬೇರೂರಿದೆ. ಇದನ್ನು ಹಾಗೆ ನೆನೆಸಕೂಡದು. ಮುಖಕ್ಕೆ ತುಸು ನೀರು ಚಿಮುಕಿಸಿದರೆ ಸಾಕು. ನೀರು ಕುಡಿದ ಬ್ಲಾಕು ಗೋಡೆಯಲ್ಲಿ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಬ್ಲಾಕಿಗಿಂತ ಗಡುಸಾದ ಗಾರೆಯನ್ನು ಹಾಕಿದರೂ ಬಿರುಕು ಬ್ಲಾಕಿನಲ್ಲಿಯೇ ಏಳುವುದು. ಆದುದರಿಂದ ಒಂದಕ್ಕೆ ಆರರ ಗಾರೆ, ಇಲ್ಲವೆ ಇದಕ್ಕೆಂದೇ ದೊರೆಯುವ ಅಂಟುಗಾರೆ ಯೋಗ್ಯವಾದುದು. ಮೊದಲ ವರಸೆಯನ್ನು ರಸಮಟ್ಟ ಹಿಡಿದು ಸಮ ಮಾಡದಿದ್ದರೆ ಮೇಲಿನ ಸರ್ವವೂ ವಕ್ರವಾಗುವುದು. ಕಿಟಕಿಯ ಕೆಳಗೂ ಲಿಂಟಲ್ ಮಟ್ಟದಲ್ಲಿಯೂ ಸುತ್ತ ಕಾಂಕ್ರೀಟಿನ ಪಟ್ಟಿಯಿರಬೇಕು. ವಿದ್ಯುತ್ತಿನ ಕೊಳವೆಗೆ ಉಳಿ ಸುತ್ತಿಗೆಯಿಂದ ಬಡಿಯದೆ ಯಂತ್ರದಿಂದ ಕೊಯ್ಯಬೇಕು. ನೆಲಮಟ್ಟದ ಕೆಳಗೆ ಇದನ್ನು ಉಪಯೋಗಿಸಲೇಬಾರದು. ಕಲ್ಲಿನ ತಳಪಾಯ, ಅದರ ಮೇಲೆ ತೇವ ಏರದಂತೆ ತಡೆಯುವ ಪದರ, ಅನಂತರ ಈ ಗೋಡೆ. ಕೊಡಗಿನ ಅಂಚಿನ ಮಳೆಯನ್ನು ಉಣ್ಣುವ ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಪಡುವಣ ಊರುಗಳಲ್ಲಿ ಸೂರನ್ನು ಹೊರಕ್ಕೆ ಚಾಚುವುದೂ, ಹೊರಮುಖಕ್ಕೆ ಗಿಲಾವನ್ನು ತಪ್ಪದೆ ಮಾಡಿಸುವುದೂ ಅವಶ್ಯಕ.

ನದಿಯ ಪಾತ್ರದಲ್ಲಿ ನಿಂತ ಮನೆಯನ್ನು ಯಾವ ಇಟ್ಟಿಗೆಯೂ ಕಾಯಲಾರದೆಂಬ ಮಾತನ್ನೂ ಸೇರಿಸಬೇಕಾಗಿದೆ. ಕಾವೇರಿಯ ನೆರೆಗೆ ಸಿಕ್ಕುತ್ತಿದ್ದ ಯಡತೊರೆಗೆ ಬದಲಾಗಿ ಎತ್ತರದ ನೆಲದಲ್ಲಿ ಕೃಷ್ಣರಾಜನಗರವನ್ನು ಕಟ್ಟಿಸಿದ ನಾಲ್ವಡಿಯವರ ಕಾಲದ ಆಡಳಿತವು ಮೊದಲು ನಿವೇಶನವನ್ನು ಸರಿಪಡಿಸಿತು. 2019ರಲ್ಲಿ ನೀರು ನಿಂತ ಸ್ಥಳದಲ್ಲಿಯೇ ಮರಳಿ ಮನೆಗೆ ಅನುಮತಿ ಕೊಡುವ ಅಧಿಕಾರಿಗಳು ಈ ಪಾಠವನ್ನು ಮರೆಯಬಾರದು.

ಕಾಡಂಚಿನ ಹಾಡಿಗಳ ಸಂಗತಿ ಬೇರೆ. ಜೇನುಕುರುಬರಿಗೆ 2023ರಲ್ಲಿ ಆರಂಭವಾದ ಪಿ.ಎಂ. ಜನಮನ್ ಯೋಜನೆಯಲ್ಲಿ ಮನೆಗೆ 2 ಲಕ್ಷ ರೂಪಾಯಿ ಗೊತ್ತಾಗಿದೆ. ಆದರೆ ದೊಡ್ಡ ಲಾರಿ ತಲುಪದ ಹಾಡಿಗೆ ದೂರದ ಬ್ಲಾಕನ್ನು ಹೊತ್ತೊಯ್ಯುವುದು ಅವಿವೇಕ. ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಹುಟ್ಟಿದ ಅಸ್ತ್ರ ಎಂಬ ವಿಭಾಗದವರು ಸ್ಥಳದ ಮಣ್ಣಿಗೆ ತುಸು ಸಿಮೆಂಟು ಸೇರಿಸಿ ಕೈಯಂತ್ರದಲ್ಲಿ ಒತ್ತಿ ತೆಗೆಯುವ ಇಟ್ಟಿಗೆಯನ್ನು ರೂಢಿಗೆ ತಂದಿದ್ದಾರೆ. ಅಲ್ಲಿಗೆ ಅದೇ ಉಚಿತ. ಕೂಲಿಯ ಹಣವೂ ಹಾಡಿಯಲ್ಲಿಯೇ ಉಳಿಯುವುದು.

ಸರ್ಕಾರದವರಲ್ಲಿ ನಮ್ಮ ಸೂಚನೆಗಳು ಮೂರು. ಮೊದಲನೆಯದು, 2016ರ ಮೊತ್ತವನ್ನು ಇಂದಿನ ಬೆಲೆಗಳಿಗೆ ಸರಿಯಾಗಿ ಏರಿಸತಕ್ಕದ್ದು. ಕೇಂದ್ರದ ನಿರ್ಧಾರವು ತಡವಾದರೆ ರಾಜ್ಯವು ತನ್ನ ಪಾಲನ್ನಾದರೂ ಹೆಚ್ಚಿಸಲಿ. ಎರಡನೆಯದು, ಮಂಜೂರಾದ ಮನೆಗಳನ್ನು ಗ್ರಾಮವಾರು ಕೂಡಿಸಿ, ಬ್ಲಾಕುಗಳನ್ನು ತುಂಬಿದ ಲಾರಿಯಲ್ಲಿ ತರಿಸಿ, ಪರೀಕ್ಷಿಸಿ, ಅಸಲು ಬೆಲೆಗೆ ಹಂಚುವ ಉಗ್ರಾಣವೊಂದನ್ನು ಪ್ರತಿ ತಾಲ್ಲೂಕಿನಲ್ಲಿಯೂ ತೆರೆಯತಕ್ಕದ್ದು. ಮೂರನೆಯದು, ಗಾರೆ ಕೆಲಸದವರಿಗೆ ದಿನಗೂಲಿ ಕೊಟ್ಟು ಶಿಕ್ಷಣ ನೀಡತಕ್ಕದ್ದು. ಕಡಿಮೆ ವೆಚ್ಚದ ನಿರ್ಮಾಣವನ್ನು ಜನರಿಗೆ ಕಲಿಸುವುದಕ್ಕಾಗಿಯೇ ನಿರ್ಮಿತಿ ಕೇಂದ್ರಗಳು ಸ್ಥಾಪಿತವಾದುವು. ಸರ್ಕಾರಿ ಕಟ್ಟಡಗಳ ಗುತ್ತಿಗೆಯಲ್ಲಿಯೇ ಅವು ತೃಪ್ತಿಪಟ್ಟರೆ ಮೂಲ ಉದ್ದೇಶವು ಮರೆತಂತಾಯಿತು.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಿಂದ ಬಂದು 1972ರಲ್ಲಿ ಮುಖ್ಯಮಂತ್ರಿಗಳಾದ ದೇವರಾಜ ಅರಸರು ಜನತಾ ಮನೆಗಳ ಮೂಲಕ ಬಡವನ ಸೂರನ್ನು ರಾಜ್ಯದ ಹೊಣೆಯನ್ನಾಗಿ ಮಾಡಿದರು. ಇಂದಿಗೂ ಅವರ ಹೆಸರಿನಲ್ಲಿ ವಸತಿ ಯೋಜನೆಯೊಂದಿದೆ. ಅವರ ತಾಲ್ಲೂಕಿನಲ್ಲಿಯೇ ಲಿಂಟಲ್ ಮಟ್ಟಕ್ಕೆ ನಿಂತ ಗೋಡೆಗಳ ಮೇಲೆ ಹುಲ್ಲು ಬೆಳೆಯುವಂತಾದರೆ ಆ ಹೆಸರಿಗೆ ಗೌರವವಾಗದು. ಇಟ್ಟಿಗೆಯು ಹಗುರವಾಗಿ ಬಂದಿದೆ. ಬಡವನ ಹೊರೆಯನ್ನು ಹಗುರಗೊಳಿಸುವ ಕೆಲಸವು ಆಳುವವರಿಗೆ ಸೇರಿದ್ದು.